‘ಕ್ಯಾಂಪ್’ ಶಬ್ದದ ಅರ್ಥವಿಚಾರ

ಆಂಗ್ಲಭಾಷೆಯಿಂದ ಬಂದು ಕನ್ನಡದಲ್ಲಿ ನೆಲೆನಿಂತ ಶಬ್ದಗಳಲ್ಲಿ ‘ಕ್ಯಾಂಪ್’ ಎಂಬುದೂ ಒಂದು. ಇದಕ್ಕೆ ‘ಶಿಬಿರ’ವೆಂಬ ಒಂದೇ ಪ್ರತಿಶಬ್ದವನ್ನು ಕೊಟ್ಟು ಸುಮ್ಮನಾಗುವುದು ಪಾಠಶಾಲೆಗಳಲ್ಲಿಯೂ ಭಾಷಾಂತರಗಳಲ್ಲಿಯೂ ರೂಢಿಯಾಗಿದೆ. ಒಂದು ಶಬ್ದಕ್ಕೆ ಅನೇಕಾರ್ಥಗಳನ್ನು ಕಲ್ಪಿಸುವುದು ನ್ಯಾಯವಲ್ಲವೆಂಬುದು ಮೀಮಾಂಸಕರ ಮತವಾದುದರಿಂದ, ಈ ರೂಢಿಯು ಮೇಲುನೋಟಕ್ಕೆ ಶಾಸ್ತ್ರಸಮ್ಮತವೆಂದೇ ತೋರುವುದು. ಬೆಳಗಾವಿ ಖಾನಾಪುರಗಳ ಪ್ರಯೋಗವನ್ನು ಮುಂದಿಟ್ಟುಕೊಂಡು ಇದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವ್ಯುತ್ಪತ್ತಿ. ಲ್ಯಾಟಿನ್ ಭಾಷೆಯಲ್ಲಿ ‘ಕಾಂಪುಸ್’ ಎಂದರೆ ಬಯಲು. ದಂಡು ಇಳಿಯುತ್ತಿದ್ದುದು ಬಯಲಿನಲ್ಲಿ. ಆದುದರಿಂದ ಈ ಶಬ್ದವು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವ ವೇಳೆಗೆ ಸೇನೆಯ ತಂಗುದಾಣವನ್ನು ಲಕ್ಷಿಸತೊಡಗಿತು. ವಿದ್ಯಾಲಯಗಳ ‘ಕ್ಯಾಂಪಸ್’ ಸಹ ಇದೇ ಮೂಲದ್ದಾದರೂ ಡೇರೆಯ ಸೋಂಕು ಅದಕ್ಕಿಲ್ಲ.

1818ರಲ್ಲಿ ಬೆಳಗಾವಿಯ ಕೋಟೆಯು ಇಂಗ್ಲಿಷರ ವಶವಾದ ಮೇಲೆ, ಕೋಟೆಯ ಹೊರಗೆ ಅವರ ದಂಡಿನ ನೆಲೆ ಬೆಳೆಯಿತು. ಆ ಪ್ರದೇಶಕ್ಕೆ ‘ಕ್ಯಾಂಪ್’ ಎಂಬುದೇ ಹೆಸರಾಗಿ ನಿಂತಿತು. ಇಂದು ಅಲ್ಲಿರುವುವು ಬಂಗಲೆಗಳು, ಚರ್ಚುಗಳು, ಶಾಲೆಗಳು, ಅಂಗಡಿಗಳು. ಕನ್ನಡ, ಮರಾಠಿ, ಉರ್ದು ಮಾತನಾಡುವವರೆಲ್ಲರೂ ಅದನ್ನು ಕ್ಯಾಂಪ್ ಎಂದೇ ಕರೆಯುವರು. ಇಲ್ಲಿ ಶಬ್ದವು ತನ್ನ ಮೂಲಾರ್ಥವನ್ನು ತೊರೆದು ಸ್ಥಳನಾಮವಾಗಿದೆ.

ಇನ್ನು ಖಾನಾಪುರದ ಕಚೇರಿಯೊಂದರಲ್ಲಿ ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ’ ಎಂಬ ವಾಕ್ಯವನ್ನು ಕೇಳಿದೆವೆಂದು ಭಾವಿಸೋಣ. ಸಾಹೇಬರ ಮನೆ ಬೆಳಗಾವಿಯ ಕ್ಯಾಂಪಿನಲ್ಲಿದ್ದು, ಅವರು ಅಲ್ಲಿರುವರೆಂಬುದು ಒಂದರ್ಥ. ಸರಕಾರಿ ಸಂಚಾರದಲ್ಲಿರುವರೆಂಬುದು ಇನ್ನೊಂದು. ಭೀಮಗಡದ ಅಡವಿಯಲ್ಲಿ ಅರಣ್ಯರಕ್ಷಕರು ಇಳಿದುಕೊಂಡ ಠಾವಿನಲ್ಲಿರುವರೆಂಬುದು ಮೂರನೆಯದು. ಊರಿನಲ್ಲಿ ನಡೆದಿರುವ ನೇತ್ರಚಿಕಿತ್ಸೆಯ ಏರ್ಪಾಟಿಗೆ ಹೋಗಿರುವರೆಂಬುದು ನಾಲ್ಕನೆಯದು. ಕೇಳಿದವನು ಇವುಗಳಲ್ಲಿ ಒಂದನ್ನು ಹೇಗೆ ನಿಶ್ಚಯಿಸುವನು? ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಸಂಯೋಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ, ಔಚಿತಿ, ದೇಶ, ಕಾಲ ಮೊದಲಾದುವನ್ನು ಅರ್ಥನಿರ್ಣಾಯಕಗಳೆಂದು ಎಣಿಸಿದ್ದಾನೆ. ಕಚೇರಿಯ ಪ್ರಕರಣದಿಂದ ಸಂಚಾರವೂ, ಭೀಮಗಡವೆಂಬ ದೇಶದಿಂದ ಅರಣ್ಯವಸತಿಯೂ, ವೈದ್ಯರ ಸಾಹಚರ್ಯದಿಂದ ಚಿಕಿತ್ಸೆಯೂ ತಿಳಿಯುವುವು. ಶಾಸ್ತ್ರವನ್ನೋದದ ಜವಾನನೂ ಇದನ್ನು ಕ್ಷಣಮಾತ್ರದಲ್ಲಿ ನಿರ್ಣಯಿಸುತ್ತಾನೆ.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: ತಾತ್ಕಾಲಿಕ ವಸತಿಯೊಂದೇ ಮುಖ್ಯಾರ್ಥ, ಉಳಿದುವು ಲಕ್ಷಣೆಯಿಂದ ಬರತಕ್ಕುವು, ಹಾಗಿರಲು ‘ಶಿಬಿರ’ವೊಂದೇ ಸಾಲದೆ? ಸಾಲದು. ಮುಖ್ಯಾರ್ಥವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸಬಹುದು. ರೂಢಿಯಿಂದ ಬಂದ ಲಕ್ಷಣೆಯು ಹಾಗೆ ಸಾಗುವುದಿಲ್ಲ. ಅದು ಆಯಾ ಜನರ ಬಳಕೆಯಲ್ಲಿಯೇ ಹುಟ್ಟಿ ಬೆಳೆಯತಕ್ಕುದು. ‘ಶಿಬಿರದಲ್ಲಿ ಮನೆ ಕೊಂಡೆನು’ ಎಂದರೆ ಬೆಳಗಾವಿಯವನು ನಕ್ಕಾನು.

ತಂಗುದಾಣವು ಊರಾಗುವ ಈ ಪರಿಣಾಮವು ಇಂಗ್ಲಿಷ್ ಶಬ್ದಕ್ಕೆ ಮಾತ್ರ ಬಂದುದಲ್ಲ. ‘ಬಿಡು’ ಧಾತುವಿನಿಂದಾದ ‘ಬೀಡು’ ಮೊದಲು ಪಯಣದ ನಡುವೆ ಇಳಿದುಕೊಳ್ಳುವ ತಾಣ. ಮುಂದೆ ‘ನೆಲೆವೀಡು’ ಎಂದರೆ ರಾಜಧಾನಿಯಾಯಿತು. ಹೊಯ್ಸಳರ ದೋರಸಮುದ್ರವು ಹಾಳಾದ ಮೇಲೆ ‘ಹಳೇಬೀಡು’ ಎಂಬುದು ಊರಿನ ಹೆಸರಾಯಿತು. ಅಮರಸಿಂಹನು ಶಿಬಿರಕ್ಕೆ ಪರ್ಯಾಯವಾಗಿ ಹೇಳಿರುವ ‘ನಿವೇಶ’ದ ಬಂಧುವಾದ ‘ನಿವೇಶನ’ವು ಇಂದು ಮನೆ ಕಟ್ಟಲು ಅಳೆದುಕೊಟ್ಟ ಭೂಮಿಯಾಗಿದೆ. ಬೆಂಗಳೂರಿನಲ್ಲಿ ಇಂಗ್ಲಿಷರ ಸೇನಾನೆಲೆಯನ್ನು ಕನ್ನಡಿಗರು ‘ದಂಡು’ ಎಂದರು. ಅಲ್ಲಿಯ ರೈಲು ನಿಲ್ದಾಣಕ್ಕೆ ಆ ಹೆಸರು ಇಂದಿಗೂ ಇದೆ. ಬೆಂಗಳೂರಿಗರು ಸ್ವಭಾಷೆಯ ಶಬ್ದವನ್ನು ಹಿಡಿದರು, ಬೆಳಗಾವಿಯವರು ಪರಭಾಷೆಯದನ್ನು ಉಳಿಸಿಕೊಂಡರು. ಎರಡರಲ್ಲಿಯೂ ಅರ್ಥವು ನಡೆದ ಹಾದಿ ಒಂದೇ.

ಇದು ಕೇವಲ ಪಂಡಿತರ ವಿನೋದವೆಂದು ತಿಳಿಯಬಾರದು. ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಿಂದ ನೆಲೆಸಿದ ಟಿಬೆಟಿಯನ್ನರ ಹಳ್ಳಿಗಳನ್ನು ಕ್ಯಾಂಪ್ ಎಂದು ಎಣಿಕೆಯಿಂದ ಕರೆಯುತ್ತಾರೆ. ತುಂಗಭದ್ರೆಯ ನೀರಾವರಿಯನ್ನು ನಂಬಿ ಆಂಧ್ರದಿಂದ ಬಂದ ರೈತರ ಊರುಗಳಿಗೂ, ಸಿಂಧನೂರಿನ ಬಂಗಾಳಿ ನಿರಾಶ್ರಿತರ ಊರುಗಳಿಗೂ ಅದೇ ಹೆಸರು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಉತ್ತು ಬಿತ್ತಿ ಮುದುಕರಾದವರಿದ್ದಾರೆ. ಭಾಷಾಂತರಕಾರನು ಅವರನ್ನು ‘ಶಿಬಿರವಾಸಿ’ಗಳೆಂದು ಬರೆದರೆ, ನಾಳೆ ಡೇರೆ ಕಿತ್ತು ಹೊರಡುವವರೆಂಬ ವ್ಯಂಗ್ಯಾರ್ಥವು ಅವರ ಮೇಲೆ ಬೀಳುವುದು. ಶಬ್ದದ ಒಂದು ಅಜಾಗ್ರತೆಯಿಂದ ಮನುಷ್ಯನ ನೆಲೆಯೇ ಅಲ್ಲಾಡುವಂತಾಗಬಾರದು.

ಆದುದರಿಂದ ವಿಷಯವಿಭಾಗವನ್ನು ಮಾಡಿಕೊಳ್ಳುವುದು ಯುಕ್ತ. ಕೆಲವು ದಿನಗಳ ಸೇವೆಗೂ ಶಿಕ್ಷಣಕ್ಕೂ ‘ಶಿಬಿರ’ವು ಚೆನ್ನಾಗಿ ಒಪ್ಪುವುದು. ಅಧಿಕಾರಿಯ ತಂಗುವಿಕೆಗೆ, ಅರಬ್ಬೀ ಮೂಲದ್ದಾದರೂ ಕಚೇರಿಗಳಲ್ಲಿ ಹಳಕಾಲದಿಂದ ಬಂದ ‘ಮೊಕ್ಕಾಂ’ ಇದೆ. ಸೇನೆಗೆ ‘ಪಾಳೆಯ’ವೂ ‘ಬೀಡೂ’ ಇವೆ. ಜನವಸತಿಯ ಹೆಸರಾಗಿ ನಿಂತಲ್ಲಿ ಮಾತ್ರ ‘ಕ್ಯಾಂಪ್’ ಶಬ್ದವನ್ನು ಹಾಗೆಯೇ ಉಳಿಸತಕ್ಕುದು. ಸಂಜ್ಞೆಯನ್ನು ಭಾಷಾಂತರಿಸುವುದು ಸಲ್ಲದು. ಪ್ರತಿಶಬ್ದವನ್ನು ಕೇಳಿದ ವಿದ್ಯಾರ್ಥಿಗೆ, ಆ ಶಬ್ದವು ಯಾವ ವಾಕ್ಯದಲ್ಲಿ ಬಂದಿತೆಂದು ಮರುಪ್ರಶ್ನೆ ಹಾಕುವುದೇ ಅಧ್ಯಾಪಕರ ಮೊದಲ ಉತ್ತರವಾಗಲಿ.