ಸವದತ್ತಿಯ ಕಲ್ಲಿನಲ್ಲಿ ಶಾರ್ಕ್ ಹಲ್ಲಿಲ್ಲ, ಅಲೆಗಳಿವೆ

ಕಲ್ಲಾದ ಶಾರ್ಕ್ ಹಲ್ಲು ಕೂಡಿಡುವ ಹುಚ್ಚು ಹತ್ತಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ಸವದತ್ತಿ, ರಾಮದುರ್ಗದ ಗುಡ್ಡಗಳಲ್ಲಿ ಅದು ಸಿಗುವುದಿಲ್ಲ. ಇಲ್ಲಿನ ಕಲ್ಲು ನೂರು ಕೋಟಿ ವರ್ಷಕ್ಕಿಂತ ಹಳೆಯದು. ಶಾರ್ಕ್ ವಂಶ ಹುಟ್ಟಿ 40 ಕೋಟಿ ವರ್ಷ ಚಿಲ್ಲರೆ. ಕಡಲಿತ್ತು, ಅಲೆಯಿತ್ತು, ಕಚ್ಚುವ ಬಾಯಿ ಇನ್ನೂ ಬಂದಿರಲಿಲ್ಲ. ಹಲ್ಲೇ ಬೇಕೆಂದರೆ ತಮಿಳುನಾಡಿನ ಅರಿಯಲೂರಿನ ಕಡೆಗೋ ಗುಜರಾತಿನ ಕಚ್ಛಕ್ಕೋ ಹೋಗಬೇಕು. ನಮ್ಮ ಬೆಳಗಾವಿ ಜಿಲ್ಲೆಯ ಹೆಸರಾಂತ ಹಲ್ಲು ಖಡ್ಗಮೃಗದ್ದು. ಗೋಕಾಕದ ಹತ್ತಿರ ಸಿಕ್ಕ ಆ ಪಳೆಯುಳಿಕೆಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿದ. ಅದು ಈಚಿನ ಕಾಲದ್ದು, ಹೊಳೆಯ ಮಣ್ಣಿನೊಳಗಿನದು. ಗುಡ್ಡದ ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಆದರೂ ಸವದತ್ತಿಯ ಕಲ್ಲನ್ನು ಓದುವ ವಿದ್ಯೆ ಬಂದದ್ದು ಶಾರ್ಕ್ ಹಲ್ಲಿನಿಂದಲೇ. ಯುರೋಪಿನಲ್ಲಿ ಬಂಡೆಯೊಳಗೆ ಸಿಗುತ್ತಿದ್ದ ಮುಕ್ಕೋನದ ಹರಳುಗಳನ್ನು ಜನ ಹಾವಿನ ನಾಲಿಗೆ ಕಲ್ಲಾದದ್ದೆಂದು ನಂಬಿದ್ದರು. 1666ರಲ್ಲಿ ಡೆನ್ಮಾರ್ಕಿನ ನಿಕೋಲಸ್ ಸ್ಟೆನೊ ಇಟಲಿಯ ಫ್ಲಾರೆನ್ಸಿನಲ್ಲಿ ಒಂದು ಶಾರ್ಕ್ ತಲೆಯನ್ನು ಕೊಯ್ದು ನೋಡಿದ. ಹಲ್ಲು ಅದೇ ಆಕಾರ! ಹಾಗಾದರೆ ಗಟ್ಟಿ ಬಂಡೆಯೊಳಗೆ ಹಲ್ಲು ಹೊಕ್ಕಿದ್ದು ಹೇಗೆ? ಬಂಡೆ ಒಂದು ಕಾಲಕ್ಕೆ ಕೆಸರಾಗಿತ್ತು ಎಂದ. 1669ರಲ್ಲಿ ಮುಂದಿನ ಮಾತೂ ಹೇಳಿದ: ಪದರಗಳು ಮೊದಲು ಅಡ್ಡಲಾಗಿ ಕೂಡುತ್ತವೆ, ಕೆಳಗಿನದು ಹಿರಿಯದು, ಮೇಲಿನದು ಕಿರಿಯದು. ಈ ಒಂದು ಸೂತ್ರ ತಲೆಯಲ್ಲಿಟ್ಟುಕೊಂಡು ನವಿಲುತೀರ್ಥಕ್ಕೆ ಹೋಗಿ. ಮಲಪ್ರಭೆ ಗುಡ್ಡವನ್ನು ಸೀಳಿದ ಜಾಗ ಅದು. ಅಲ್ಲಿಯೇ ಅಣೆಕಟ್ಟು ಕಟ್ಟಿದ್ದಾರೆ. ಬಂಡೆಯ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ.

ಈ ಗಡಸು ಕಲ್ಲು ಮೂಲದಲ್ಲಿ ಮರಳು. ಭೂವಿಜ್ಞಾನಿಗಳು ಇದನ್ನು ಸವದತ್ತಿ ಕ್ವಾರ್ಟ್ಜೈಟ್ ಎಂದೇ ಕರೆಯುತ್ತಾರೆ. ಇದರ ಚಪ್ಪಟೆ ಮೈಮೇಲೆ ಅಲೆಗುರುತು ಹುಡುಕಿ. ನಡುಮಧ್ಯಾಹ್ನ ಹೋದರೆ ಏನೂ ಕಾಣದು. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಏಣೂ ನೆರಳು ಚೆಲ್ಲುತ್ತದೆ. ಏಣಿನ ಎರಡೂ ಬದಿ ಸಮನಾಗಿ ಇಳಿದಿದ್ದರೆ ಆ ನೀರು ಹಿಂದೆ ಮುಂದೆ ತೂಗಾಡಿತ್ತು, ಅಂದರೆ ದಂಡೆಯ ತೆಳುನೀರು. ಒಂದು ಬದಿ ಕಡಿದಾಗಿದ್ದರೆ ನೀರು ಆ ಕಡೆಗೆ ಹರಿದಿತ್ತು. ತೂಗಾಡಿದ ಅಲೆಗೆ ನೆತ್ತಿ ಚೂಪು, ತಗ್ಗು ದುಂಡಗೆ. ಇಷ್ಟು ಗೊತ್ತಾದರೆ ಯಾರದೋ ಅಂಗಳಕ್ಕೆ ಹಾಸಿದ ಕಲ್ಲು ಮೊಗಚಿ ಬಿದ್ದಿದೆಯೋ ಇಲ್ಲವೋ ಹೇಳಬಹುದು. ಮನೆಯವರಿಗೆ ಹೇಳಬೇಕೆಂದೇನೂ ಇಲ್ಲ.

ಜೀವದ ಗುರುತೇ ಬೇಕೆನ್ನುವವರು ರಾಮದುರ್ಗ ದಾಟಿ ಲೋಕಾಪುರದ ಕಡೆಯ ಸುಣ್ಣದ ಕಲ್ಲಿಗೆ ಹೋಗಬೇಕು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ತೆಳುನೀರಿನಲ್ಲಿ ಲೋಳೆಯ ಹಾಸು ಹಾಸಿ, ಅದರ ಮೇಲೆ ಕೆಸರು ಕೂತು, ಮತ್ತೆ ಹಾಸು ಬೆಳೆದು ಎದ್ದ ಗುಮ್ಮಟಗಳು ಅಲ್ಲಿವೆ. ಸ್ಟ್ರೊಮಟೊಲೈಟ್ ಎಂದು ಹೆಸರು. ಅಡ್ಡ ಸೀಳಿದಲ್ಲಿ ಉಳ್ಳಾಗಡ್ಡಿ ಹೋಳಿನಂತೆ ಸುತ್ತುಗೆರೆ ಕಾಣುತ್ತವೆ. ಒಂದಿಷ್ಟು ನೀರು ಹಾಕಿ ಒರೆಸಿದರೆ ಗೆರೆ ಎದ್ದು ಬರುತ್ತದೆ. ನನಗೆ ಕೇಳಿದರೆ ಯಾವ ಶಾರ್ಕ್ ಹಲ್ಲಿಗಿಂತಲೂ ಇದು ದೊಡ್ಡ ಸಂಗತಿ: ಶಾರ್ಕ್ ಉಸಿರಾಡಿದ ಆಮ್ಲಜನಕವನ್ನು ಭೂಮಿಗೆ ತುಂಬಿದ್ದು ಇಂಥ ಜೀವಿಗಳ ಕುಲವೇ.

ಒಂದು ಮೋಸ ತಿಳಿದಿರಲಿ. ಕಲ್ಲಿನ ಬಿರುಕಿನಲ್ಲಿ ಕಪ್ಪು ಟೊಂಗೆ, ಎಲೆಯಂತೆ ಕವಲೊಡೆದ ಚಿತ್ರ ಕಂಡರೆ ಅದು ಗಿಡವಲ್ಲ. ನೀರಿನೊಡನೆ ಇಳಿದ ಮ್ಯಾಂಗನೀಸ್ ಬಿಡಿಸಿದ ರಂಗೋಲಿ. ಇದನ್ನು ಪಳೆಯುಳಿಕೆಯೆಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ಬೈಲಹೊಂಗಲ, ಕಿತ್ತೂರುಗಳಲ್ಲಿ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಅಲ್ಲಿನ ಧಾರವಾಡ ಶಿಲೆಗಳು ಇನ್ನೂ ಹಳೆಯವು, ಬೆಂದು ನುಗ್ಗಾಗಿ ಪದರ ಕಲಸಿಹೋಗಿವೆ. ಎರಿಮಣ್ಣು ಬಹುಪಾಲನ್ನು ಮುಚ್ಚಿದೆ. ಕಿತ್ತೂರಿನ ಕೋಟೆ ನೋಡಿ ಮುಂದೆ ಸಾಗಿ.

ಸುತ್ತಿಗೆ ಮನೆಯಲ್ಲಿಡಿ. ಹಲ್ಲನ್ನು ಜೇಬಿಗೆ ಹಾಕಬಹುದು, ಅಲೆಯನ್ನು ಆಗದು. ಒಡೆದರೆ ಕೈಗೆ ಬರುವುದು ಬರೀ ಹರಳು. ಒಂದು ಭೂತಗನ್ನಡಿ, ಅಳತೆಗೆ ಪಕ್ಕದಲ್ಲಿಡಲು ಒಂದು ನಾಣ್ಯ, ಫೋಟೋ ತೆಗೆಯಲು ಮೊಬೈಲು ಸಾಕು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಮಾತ್ರ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಸುತ್ತಮುತ್ತ ಕಲ್ಲು ನೋಡಲು ಹೋಗಬೇಡಿ. ಆ ಜಾತ್ರೆಯ ಜನಜಂಗುಳಿಯಲ್ಲಿ ನಿಮ್ಮ ಕಾಲೇ ನಿಮಗೆ ಕಾಣುವುದಿಲ್ಲ.