ಮನೆಯ ಕೋಣೆಯಲ್ಲಿ ಚಿತ್ರಮಂದಿರದ ಸ್ಪೀಕರ್

ಸಂಗೀತವನ್ನು ಒಳ್ಳೆಯ ಧ್ವನಿಯಲ್ಲಿ ಕೇಳಬೇಕೆಂಬ ಹವ್ಯಾಸಿಗಳ ನಡುವೆ ಒಂದು ವಾದ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಹೈ-ಫೈ ಎಂಬ ಹೆಸರಿನಲ್ಲಿ ಮಾರುವ ಸ್ಪೀಕರುಗಳಿಗೆ ಹಣ ಸುರಿಯುವ ಬದಲು ಸಭಾಂಗಣ, ವೇದಿಕೆ, ಚಿತ್ರಮಂದಿರಗಳಿಗೆಂದು ತಯಾರಾಗುವ ವೃತ್ತಿಪರ ಸ್ಪೀಕರುಗಳನ್ನು ಮನೆಗೆ ತಂದರೆ ಅದೇ ಹಣಕ್ಕೆ ಹೆಚ್ಚು ಧ್ವನಿ, ಹೆಚ್ಚು ಬಾಳಿಕೆ, ಹೆಚ್ಚು ಜೀವಕಳೆ ಸಿಗುತ್ತದೆ ಎಂಬುದೇ ಆ ವಾದ. ಎದುರು ಪಕ್ಷದವರು, ಅವು ಮದುವೆ ಮಂಟಪಕ್ಕೆ ಸರಿ, ಮನೆಗಲ್ಲ ಎಂದು ಮೂಗು ಮುರಿಯುತ್ತಾರೆ. ಇಬ್ಬರೂ ಸಾಕ್ಷಿಗೆ ಕಿವಿಯನ್ನು ಕರೆಯುತ್ತಾರೆಯೇ ಹೊರತು ಕಾಗದ, ಪೆನ್ಸಿಲನ್ನು ಕರೆಯುವುದಿಲ್ಲ. ಪಿಯುಸಿ ಮಟ್ಟದ ಭೌತವಿಜ್ಞಾನದಿಂದಲೇ ಈ ಜಗಳದ ಬಹುಭಾಗ ಬಗೆಹರಿಯುತ್ತದೆ. ಲೆಕ್ಕ ಹಾಕಿ ನೋಡೋಣ.

ಸ್ಪೀಕರಿನ ವಿವರಪಟ್ಟಿಯಲ್ಲಿ ಸಂವೇದನಶೀಲತೆ ಎಂಬ ಒಂದು ಸಂಖ್ಯೆ ಇರುತ್ತದೆ. 1 ವ್ಯಾಟ್ ವಿದ್ಯುತ್ ಕೊಟ್ಟಾಗ 1 ಮೀಟರ್ ದೂರದಲ್ಲಿ ದೊರೆಯುವ ಶಬ್ದಮಟ್ಟ ಅದು. ಆ 1 ವ್ಯಾಟ್ ಪೂರ್ತಿಯಾಗಿ ಶಬ್ದವಾಗಿ, ಅರ್ಧಗೋಳದಲ್ಲಿ ಸಮನಾಗಿ ಹರಡಿತು ಎನ್ನಿ. ಆಗ ತೀವ್ರತೆ ಚದರ ಮೀಟರಿಗೆ 0.16 ವ್ಯಾಟ್, ಅಂದರೆ 112 ಡೆಸಿಬೆಲ್. ಇದನ್ನು ಅಳತೆಗೋಲಾಗಿ ಇಟ್ಟುಕೊಂಡರೆ, 87 ಡೆಸಿಬೆಲ್‌ನ ಮನೆ ಸ್ಪೀಕರಿನ ದಕ್ಷತೆ ಶೇ. 0.3 ಮಾತ್ರ. ಉಳಿದ ಶೇ. 99.7 ಭಾಗ ಶಾಖ! 100 ಡೆಸಿಬೆಲ್‌ನ ವೃತ್ತಿಪರ ಸ್ಪೀಕರಿನ ದಕ್ಷತೆ ಶೇ. 6ರ ಸಮೀಪ, ಸುಮಾರು 20 ಪಟ್ಟು ಹೆಚ್ಚು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಹಳೆ ಜೋಡಿಸಿದ ಸ್ಪೀಕರ್ ಶಬ್ದವನ್ನು ಒಂದೇ ದಿಕ್ಕಿಗೆ ಕೂಡಿಸುವುದರಿಂದ ಅದರ ಸಂಖ್ಯೆಯ ಒಂದಿಷ್ಟು ಭಾಗ ದಕ್ಷತೆಯದಲ್ಲ, ದಿಕ್ಕಿನದು.

ಹವ್ಯಾಸಿಗಳು ಈ 20 ಪಟ್ಟಿನಿಂದ ತೆಗೆಯುವ ಮೊದಲ ತೀರ್ಮಾನ ಹೀಗಿದೆ: ಮನೆ ಸ್ಪೀಕರಿನ ವಾಯ್ಸ್ ಕಾಯಿಲ್ ಬಿಸಿಯಾಗುತ್ತದೆ, ತಾಮ್ರದ ರೋಧ ಏರುತ್ತದೆ, ಸಂಗೀತದ ಏರುಗಳು ಚಪ್ಪಟೆಯಾಗುತ್ತವೆ, ವೃತ್ತಿಪರ ಸ್ಪೀಕರಿನಲ್ಲಿ ಹಾಗಾಗದು. ವಿದ್ಯಮಾನವೇನೋ ನಿಜ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ, ಕಾಯಿಲ್ 100 ಡಿಗ್ರಿ ಬಿಸಿಯೇರಿದರೆ ಶಬ್ದ ಸುಮಾರು 3 ಡೆಸಿಬೆಲ್ ಕುಸಿಯಬಹುದು. ಆದರೆ ಮನೆಯಲ್ಲಿ ಅಷ್ಟು ಬಿಸಿಯಾಗುತ್ತದೆಯೇ? ನೀವು 3 ಮೀಟರ್ ದೂರದಲ್ಲಿ ಕುಳಿತಿದ್ದೀರಿ, ಸರಾಸರಿ ಮಟ್ಟ 75 ಡೆಸಿಬೆಲ್, ಏರುಗಳು 95 ಎಂದಿಟ್ಟುಕೊಳ್ಳಿ. ಗೋಡೆಗಳ ಪ್ರತಿಫಲನವನ್ನು ಬಿಟ್ಟು ವಿಲೋಮ ವರ್ಗ ನಿಯಮವನ್ನಷ್ಟೇ ಅನ್ವಯಿಸಿದರೆ, 87 ಡೆಸಿಬೆಲ್ ಸ್ಪೀಕರಿಗೆ ಏರಿನಲ್ಲಿ 56 ವ್ಯಾಟ್ ಬೇಕು. ಆದರೆ ಸರಾಸರಿ ಬೇಕಾದದ್ದು ಅರ್ಧ ವ್ಯಾಟ್‌ಗಿಂತ ತುಸು ಹೆಚ್ಚು, ಅಷ್ಟೆ. ಕ್ಷಣಮಾತ್ರದ ಏರುಗಳಿಂದ ಕಾಯಿಲ್ ಹೇಳಿಕೊಳ್ಳುವಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ ಮನೆಯ ಮಟ್ಟಿಗೆ ಈ ವಾದ ಬಡಾಯಿ ಎನ್ನದೆ ವಿಧಿಯಿಲ್ಲ. ಮೈದಾನದಲ್ಲಿ ಗಂಟೆಗಟ್ಟಲೆ 110 ಡೆಸಿಬೆಲ್ ಹೊರಡಿಸುವವರ ಸಮಸ್ಯೆಯನ್ನು ಪಡಸಾಲೆಗೆ ತಂದಿದ್ದಾರೆ.

ಇದೇ ಲೆಕ್ಕದಲ್ಲಿ 100 ಡೆಸಿಬೆಲ್ ಸ್ಪೀಕರಿಗೆ ಏರಿನಲ್ಲಿ ಸಾಲುವುದು 3 ವ್ಯಾಟ್. ಅದರ ಬೆನ್ನ ಮೇಲೆ 500 ವ್ಯಾಟ್ ಎಂದು ಬರೆದಿದ್ದರೆ, ಆ ಸಂಖ್ಯೆಗೆ ನಿಮ್ಮ ಮನೆಯಲ್ಲಿ ಯಾವ ಕೆಲಸವೂ ಇಲ್ಲ.

ಇನ್ನು, 20 ಪಟ್ಟು ದಕ್ಷತೆ ಪುಕ್ಕಟೆ ಬರುತ್ತದೆಯೇ? ಹೈ-ಫೈ ಜಗತ್ತಿನಲ್ಲಿ ಜೆ. ಎ. ಹಾಫ್‌ಮನ್ ಹೆಸರಿನಲ್ಲಿ 'ಉಕ್ಕಿನ ನಿಯಮ' ಎಂದು ಕರೆಯುವ ಒಂದು ಸಂಬಂಧವಿದೆ. 1961ರಲ್ಲಿ ನೆವಿಲ್ ಥೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್, ಇಬ್ಬರೂ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿ ಸ್ಪೀಕರ್ ಪೆಟ್ಟಿಗೆಯ ಗಣಿತವನ್ನು ಗಟ್ಟಿ ನೆಲೆಯ ಮೇಲೆ ನಿಲ್ಲಿಸಿದರು. ಸಾರಾಂಶ ಇಷ್ಟು: ದಕ್ಷತೆಯು ಪೆಟ್ಟಿಗೆಯ ಗಾತ್ರಕ್ಕೂ ಕೆಳಮಿತಿಯ ಆವೃತ್ತಿಯ ಘನಕ್ಕೂ ನೇರ ಅನುಪಾತದಲ್ಲಿರುತ್ತದೆ. ಹೆಚ್ಚು ದಕ್ಷತೆ, ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು. ಪೆಟ್ಟಿಗೆಯ ಗಾತ್ರ ಬದಲಿಸದೆ ದಕ್ಷತೆಯನ್ನು 20 ಪಟ್ಟು ಏರಿಸಿದರೆ ಕೆಳಮಿತಿ 20ರ ಘನಮೂಲದಷ್ಟು, ಎಂದರೆ 2.7 ಪಟ್ಟು ಮೇಲೇರುತ್ತದೆ. 35 ಹರ್ಟ್ಸ್‌ವರೆಗೆ ಇಳಿಯುತ್ತಿದ್ದ ಪೆಟ್ಟಿಗೆ 95 ಹರ್ಟ್ಸ್‌ಗೇ ನಿಲ್ಲುತ್ತದೆ. ಬೀದಿಯಲ್ಲಿ ಸಾಗುವ ಆರ್ಕೆಸ್ಟ್ರಾ ಸ್ಪೀಕರಿನ ದೊಡ್ಡ ಕೋನ್ ನೋಡಿ, ಇದರಲ್ಲಿ ಮಂದ್ರ ಭರ್ತಿ ಇರಬೇಕು ಎಂದುಕೊಳ್ಳುವವರಿಗೆ ಈ ಲೆಕ್ಕ ತೋರಿಸಬೇಕು.

ನಮ್ಮ ಸಂಗೀತದಲ್ಲಿ ಇದರ ಪರಿಣಾಮವೇನು? ಗಾಯಕರ ಷಡ್ಜ 138 ಹರ್ಟ್ಸ್ ಎಂದುಕೊಂಡರೆ ತಂಬೂರಿಯ ಮಂದ್ರ ಷಡ್ಜ 69 ಹರ್ಟ್ಸ್. ಆದರೂ ತಂಬೂರಿಗೆ ಹೆಚ್ಚು ನಷ್ಟವಿಲ್ಲ. ಜೀವಾಳಿಯ ದೆಸೆಯಿಂದ ಅದರ ನಾದದಲ್ಲಿ ಅಧಿಸ್ವರಗಳು ಸಮೃದ್ಧವಾಗಿವೆ (ಸಿ. ವಿ. ರಾಮನ್ 1920ರ ಹೊತ್ತಿಗೇ ಇದನ್ನು ಅಧ್ಯಯನ ಮಾಡಿದ್ದರು), ಮೂಲಸ್ವರ ಕುಗ್ಗಿದರೂ ಅಧಿಸ್ವರಗಳ ಅಂತರದಿಂದ ಕಿವಿ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ಪೆಟ್ಟು ಬೀಳುವುದು ಮೃದಂಗದ ಎಡಮುಖಕ್ಕೆ, ತಬಲಾ ಜೋಡಿಯ ಡಗ್ಗಾಕ್ಕೆ. ಅವುಗಳ ಗುಂಕಾರ ತೆಳುವಾಗಿ, ತಾಳ ಬರಿಯ ಟಪಟಪ ಆಗುತ್ತದೆ.

ಮನೆ ಮತ್ತು ವೃತ್ತಿಪರ ಎಂಬ ಕವಲು ಮೊದಲಿನಿಂದ ಇದ್ದದ್ದಲ್ಲ. 1954ನ್ನು ಅದು ಒಡೆದ ವರ್ಷ ಎನ್ನಬಹುದು. ಆ ವರ್ಷ ಅಮೆರಿಕದ ಜೆಬಿಎಲ್, ಚಿತ್ರಮಂದಿರದ ಬಗೆಯ ಕಂಪ್ರೆಷನ್ ಡ್ರೈವರನ್ನು ಮೂಲೆಗೊರಗುವ ಭಾರೀ ಮರದ ಪೆಟ್ಟಿಗೆಯಲ್ಲಿಟ್ಟು ಹಾರ್ಟ್ಸ್‌ಫೀಲ್ಡ್ ಎಂಬ ಮನೆ ಸ್ಪೀಕರ್ ಮಾಡಿತು. ಅದೇ ವರ್ಷ ಎಡ್ಗರ್ ವಿಲ್ಚರ್ ತಮ್ಮ ಎಆರ್-1 ತಂದರು: ಮುಚ್ಚಿದ ಸಣ್ಣ ಪೆಟ್ಟಿಗೆ, ಒಳಗಿನ ಗಾಳಿಯೇ ಸ್ಪ್ರಿಂಗು. ಕಪಾಟಿನಲ್ಲಿ ಇಡಬಹುದಾದ ಪೆಟ್ಟಿಗೆಯಿಂದ ಆಳದ ಮಂದ್ರ ಬಂತು. ಬೆಲೆಯಾಗಿ ತೆತ್ತದ್ದು ದಕ್ಷತೆ. ಮುಂದೆ ಟ್ರಾನ್ಸಿಸ್ಟರ್ ವರ್ಧಕಗಳಿಂದ ವ್ಯಾಟ್‌ಗಳು ಅಗ್ಗವಾದಾಗ ವಿಲ್ಚರರ ದಾರಿಯೇ ಮನೆಗಳ ಹೆದ್ದಾರಿಯಾಯಿತು. ದಕ್ಷತೆ ಕಡಿಮೆಯಾದದ್ದು ಕಂಪನಿಗಳ ಮೋಸದಿಂದ ಎನ್ನುವವರು ಈ ಇತಿಹಾಸ ಓದಿಲ್ಲ.

ಈಗ, ಮನೆಗೆ ಬಂದ ವೃತ್ತಿಪರ ಸ್ಪೀಕರುಗಳಲ್ಲಿ ಅತ್ಯಂತ ಪ್ರಸಿದ್ಧವಾದುದನ್ನು ನೋಡಿ. ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ 1945ರಲ್ಲಿ ಆರಂಭಿಸಿದ 'ವಾಯ್ಸ್ ಆಫ್ ದ ಥಿಯೇಟರ್' ಸಾಲಿನ ಎ7. ಕೆಳಗೆ 15 ಇಂಚಿನ ವೂಫರ್, ಮೇಲೆ ಕಹಳೆ, ಒಟ್ಟು ಎದೆಮಟ್ಟದ ಎತ್ತರ. ಇದರ ಮಧ್ಯಶ್ರುತಿಯ ಭಾಗವನ್ನು, ಮನುಷ್ಯಕಂಠ ಬಾಳುವ ಜಾಗವನ್ನು, ನಾನು ಮನಸಾರೆ ಮೆಚ್ಚುತ್ತೇನೆ. ಸಣ್ಣ ಪೊರೆ ಅತಿ ಕಡಿಮೆ ಚಲಿಸುತ್ತದೆ, ಹಾಗಾಗಿ ವಿರೂಪ ಕಡಿಮೆ. ಕಹಳೆ ಶಬ್ದವನ್ನು ಕೇಳುಗನತ್ತ ತಿರುಗಿಸುವುದರಿಂದ ಪಕ್ಕದ ಗೋಡೆಗಳ ಪ್ರತಿಫಲನ ಕಡಿಮೆ, ಮಾತಿನ ಸ್ಪಷ್ಟತೆ ಹೆಚ್ಚು. ವೃತ್ತಿಪರ ಸ್ಪೀಕರ್ ಪರವಾದ ನಿಜವಾದ ವಾದ ಇದೇ. ವಿಚಿತ್ರವೆಂದರೆ ಅದರ ಭಕ್ತರು ಇದನ್ನು ಕಡಿಮೆ ಹೇಳಿ ವ್ಯಾಟುಗಳ ಬಗ್ಗೆ ಹೆಚ್ಚು ಹೇಳುತ್ತಾರೆ.

ಮಿಕ್ಕದ್ದರಲ್ಲಿ ಎ7 ಚಿತ್ರಮಂದಿರದ ಮಗುವೇ. ಆ ಕಾಲದಲ್ಲಿ ಫಿಲ್ಮಿನ ಅಂಚಿನಲ್ಲಿ ಬೆಳಕಿನ ಪಟ್ಟಿಯಾಗಿ ಅಚ್ಚಾಗುತ್ತಿದ್ದ ಧ್ವನಿಯಲ್ಲಿ ತೀರ ಮೇಲಿನ ಆವೃತ್ತಿಗಳು ಇರುತ್ತಲೇ ಇರಲಿಲ್ಲ. ಆದ್ದರಿಂದ ಅದರ ಕಹಳೆಗೂ ಅಲ್ಲಿ ಉತ್ಸಾಹ ಕಡಿಮೆ. ತೀರ ಕೆಳಗೂ ಹಾಗೆಯೇ. ಇದಕ್ಕಿಂತ ಮುಖ್ಯವಾದದ್ದು ದೂರ. ವೂಫರ್ ಮತ್ತು ಕಹಳೆಯ ಕೇಂದ್ರಗಳ ನಡುವೆ 60 ಸೆಂಟಿಮೀಟರ್, ಕಿವಿ ಕಹಳೆಯ ಮಟ್ಟದಲ್ಲಿ ಎಂದಿಟ್ಟುಕೊಳ್ಳಿ. 10 ಮೀಟರ್ ದೂರದ ಪ್ರೇಕ್ಷಕನಿಗೆ ಎರಡರಿಂದ ಬರುವ ದಾರಿಗಳ ವ್ಯತ್ಯಾಸ 2 ಸೆಂಟಿಮೀಟರ್‌ಗೂ ಕಡಿಮೆ. 2 ಮೀಟರ್ ದೂರದಲ್ಲಿ ಕುಳಿತ ನಿಮಗೆ ಸುಮಾರು 9 ಸೆಂಟಿಮೀಟರ್. ಎ7ರಲ್ಲಿ ಧ್ವನಿ ವೂಫರಿನಿಂದ ಕಹಳೆಗೆ ದಾಟುವ 800 ಹರ್ಟ್ಸ್‌ನಲ್ಲಿ ತರಂಗಾಂತರ 43 ಸೆಂಟಿಮೀಟರ್. ಎಂದರೆ ಐದನೆಯ ಒಂದು ತರಂಗಾಂತರದಷ್ಟು, 70 ಡಿಗ್ರಿಗೂ ಮಿಕ್ಕಿದ ಪ್ರಾವಸ್ಥಾ ವ್ಯತ್ಯಾಸ. ನೀವು ಎದ್ದು ನಿಂತರೆ ಅದು ಮತ್ತೆ ಬದಲಾಗುತ್ತದೆ. ಗಾಯಕಿಯ ಧ್ವನಿ ಒಂದೇ ಕಡೆಯಿಂದ ಬರಬೇಕಾದ ಜಾಗದಲ್ಲಿ ಹೊಲಿಗೆ ಕಾಣುತ್ತದೆ. ದೊಡ್ಡ ಹಜಾರವಿದ್ದವರು ಹಿಂದೆ ಸರಿದು ಕೂರಬಹುದು. 10×12 ಅಡಿಯ ಕೋಣೆಯವರು ಸರಿಯುವುದೆಲ್ಲಿಗೆ?

ಇನ್ನೊಂದು ತೊಂದರೆ, ಸಂಗೀತ ನಿಂತಾಗ ಕೇಳಿಸುವುದು. 100 ವ್ಯಾಟ್ ವರ್ಧಕದ ಸ್ವಂತ ಗದ್ದಲ ಅದರ ಪೂರ್ಣ ಶಕ್ತಿಗಿಂತ 90 ಡೆಸಿಬೆಲ್ ಕೆಳಗಿದೆ ಎನ್ನಿ. ಅದು ವ್ಯಾಟ್‌ನ ಕೋಟಿಯಲ್ಲೊಂದು ಪಾಲು. 87 ಡೆಸಿಬೆಲ್ ಸ್ಪೀಕರಿನಲ್ಲಿ ಅದು 1 ಮೀಟರ್ ದೂರಕ್ಕೆ 17 ಡೆಸಿಬೆಲ್, ಯಾರಿಗೂ ತಿಳಿಯದು. 100 ಡೆಸಿಬೆಲ್ ಸ್ಪೀಕರಿನಲ್ಲಿ 30. ರಾತ್ರಿಯ ಆಲಾಪನೆಯಲ್ಲಿ ಗಾಯಕ ಉಸಿರು ತೆಗೆದುಕೊಳ್ಳುವ ಮೌನದಲ್ಲಿ ಸುಯ್ ಎಂಬ ಸದ್ದು ತುಂಬಿಕೊಳ್ಳುತ್ತದೆ. ವೃತ್ತಿಪರ ವರ್ಧಕವನ್ನೂ ತಂದಿದ್ದರೆ ಅದರ ಫ್ಯಾನಿನ ಸದ್ದು ಬೇರೆ.

ಇಷ್ಟಾಗಿಯೂ 'ವೃತ್ತಿಪರ' ಎಂಬ ಪದದ ಮೇಲೆ ನನಗೆ ಸಿಟ್ಟಿಲ್ಲ. ಅದು ಭೌತಿಕ ಪರಿಮಾಣವಲ್ಲ ಎಂಬುದಷ್ಟೇ ನನ್ನ ತಕರಾರು. ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಅಪ್ಪಟ ವೃತ್ತಿಪರ ಸ್ಪೀಕರ್. ಆದರೆ ಅದು ಪುಸ್ತಕದ ಕಪಾಟಿನಲ್ಲಿ ಹಿಡಿಯುತ್ತದೆ, ಸಂವೇದನಶೀಲತೆ 83 ಡೆಸಿಬೆಲ್ ಆಸುಪಾಸು, ಮನೆಗಳಲ್ಲಿ ದಶಕಗಳ ಕಾಲ ಮೆರೆಯಿತು. 1978ರ ಯಮಾಹಾ ಎನ್‌ಎಸ್-10 ಮನೆಗೆಂದು ಮಾಡಿದ್ದು, ಸ್ಟುಡಿಯೋಗಳಿಗೆ ಹೋಗಿ ಹೆಸರು ಮಾಡಿತು.

ನಮ್ಮಲ್ಲಿ ಈ ಆಸೆ ಎ7ರಿಂದ ಹುಟ್ಟುವುದು ಅಪರೂಪ. ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಕಡೆ 15 ಇಂಚಿನ ಪೆಟ್ಟಿಗೆಯ ಬೆಲೆ ಕೇಳಿ ಹುಟ್ಟುತ್ತದೆ. ಕೊಳ್ಳುವುದೇ ಆದರೆ ಅದನ್ನು 100 ಹರ್ಟ್ಸ್‌ನಿಂದ ಮೇಲಕ್ಕೆ ಮಾತ್ರ ದುಡಿಸಿ; ಕೆಳಗಿನದನ್ನು ಬೇರೊಂದು ಸಬ್‌ವೂಫರಿಗೆ ವಹಿಸಿ. ಉಕ್ಕಿನ ನಿಯಮದೊಡನೆ ಮಾಡಿಕೊಳ್ಳಬಹುದಾದ ಮರ್ಯಾದಸ್ಥ ರಾಜಿ ಅದು. ಅಂಗಡಿಗೆ ಹೋಗುವಾಗ ಮೊಬೈಲಿನಲ್ಲಿ ಶುದ್ಧಸ್ವರ ಹೊರಡಿಸುವ ಆ್ಯಪ್ ಇರಲಿ. ಮೊದಲು ಏನೂ ನುಡಿಸದೆ ವರ್ಧಕವನ್ನು ಚಾಲೂ ಮಾಡಿಸಿ, ಕಹಳೆಯಿಂದ ಒಂದು ಮೀಟರ್ ದೂರದಲ್ಲಿ ನಿಂತು ಕೇಳಿ. ಆಮೇಲೆ 200, 100, 70, 50 ಹರ್ಟ್ಸ್ ಸ್ವರಗಳನ್ನು ಒಂದೊಂದಾಗಿ ನುಡಿಸಿ, ಎಲ್ಲಿ ಧ್ವನಿ ಕೈಬಿಡುತ್ತದೆ ಎಂದು ಗುರುತು ಮಾಡಿಕೊಳ್ಳಿ. ತೀರ ಕೆಳಗಿನ ಸ್ವರಗಳಿಗೆ ನಮ್ಮ ಕಿವಿಯೂ ಮಂದವೇ, ಅದನ್ನು ನೆನಪಿಡಿ. ಆದ್ದರಿಂದ ಒಂದು ಮನೆ ಸ್ಪೀಕರನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಅಂಗಡಿಯವರು ಒಪ್ಪದಿದ್ದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.