ಸಾವನದುರ್ಗದ ಕೆತ್ತನೆಚಿತ್ರ: ಚಿತ್ರಕಾರ ನಿಂತ ನೆಲ

ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರನ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಸಂಪುಟವು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಆ ಗೆರೆಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತುವ ಕೆತ್ತನೆ ಮುದ್ರಣದ ಮೂಲಕ ಬೆಂಗಳೂರು, ಶಿವಗಂಗೆ, ಸಾವನದುರ್ಗ, ಶ್ರೀರಂಗಪಟ್ಟಣಗಳು ಆ ನೆಲವನ್ನು ಎಂದೂ ಕಾಣದ ಓದುಗರ ಕೈ ಸೇರಿದವು. ಈ ಚಿತ್ರಗಳನ್ನು ನಾಡಿನ ಹಳೆಯ ಚೆಲುವಿನ ದಾಖಲೆಗಳೆಂದಷ್ಟೇ ಮೆಚ್ಚುವುದು ಅವುಗಳನ್ನು ಅರ್ಧ ಮಾತ್ರ ಓದಿದಂತೆ. ಚಿತ್ರಕಾರನು ಎಲ್ಲಿ ನಿಂತು ನೋಡಿದನೆಂಬ ಪ್ರಶ್ನೆಯಿಂದಲೇ ಅವುಗಳ ಪೂರ್ಣ ಅರ್ಥ ತೆರೆದುಕೊಳ್ಳುತ್ತದೆ.

ಹೋಮ್ ನಿಂತದ್ದು ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯದ ಜೊತೆಯಲ್ಲಿ. ಮೂರನೆಯ ಮೈಸೂರು ಯುದ್ಧದಲ್ಲಿ ಬೆಂಗಳೂರಿನ ಕೋಟೆ 1791ರ ಮಾರ್ಚ್ 21ರಂದು, ಮಾಗಡಿಯ ಬಳಿಯ ಸಾವನದುರ್ಗ ಅದೇ ವರ್ಷದ ಡಿಸೆಂಬರ್ 21ರಂದು ಈಸ್ಟ್ ಇಂಡಿಯಾ ಕಂಪನಿಯ ವಶವಾದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ಸಂಪುಟ ಹೊರಬಂದಾಗ ಈ ಘಟನೆಗಳು ಕಳೆದು ಎರಡು-ಮೂರು ವರ್ಷಗಳಷ್ಟೇ ಆಗಿದ್ದವು. ಆದ್ದರಿಂದ ಲಂಡನ್ನಿನ ಕೊಳ್ಳುಗನಿಗೆ ಆ ಬೆಟ್ಟವು ದೂರದೇಶದ ರಮ್ಯ ನೋಟವೂ ಆಗಿತ್ತು, ಇತ್ತೀಚಿನ ಗೆಲುವಿನ ಸ್ಮರಣಿಕೆಯೂ ಆಗಿತ್ತು.

ಮನುಷ್ಯನನ್ನು ಕುಬ್ಜಗೊಳಿಸಿ ಭಯಬೆರೆತ ಬೆರಗನ್ನು ಹುಟ್ಟಿಸುವ ದೃಶ್ಯವನ್ನು ಆ ಕಾಲದ ಯುರೋಪಿನ ಸೌಂದರ್ಯಚಿಂತಕರು ‘ಭವ್ಯ’ವೆಂದು ಗುರುತಿಸಿದ್ದರು, ಎಡ್ಮಂಡ್ ಬರ್ಕ್ 1757ರಲ್ಲಿಯೇ ಇದನ್ನು ಕುರಿತು ಗ್ರಂಥ ಬರೆದಿದ್ದನು. ಸಾವನದುರ್ಗದ ಬೋಳು ಬಂಡೆ ಈ ಕಲ್ಪನೆಗೆ ಸಹಜವಾಗಿ ಒದಗಿತು. ಆದರೆ ಇಲ್ಲಿ ಭವ್ಯತೆಗೆ ಮತ್ತೊಂದು ಕೆಲಸವೂ ಇದೆ: ಬೆಟ್ಟ ಕಡಿದಾಗಿ ಕಂಡಷ್ಟೂ ಅದನ್ನು ಹತ್ತಿ ಗೆದ್ದವರ ಸಾಹಸ ಹಿರಿದಾಗುತ್ತದೆ.

ಬರಿಯ ಭವ್ಯತೆಗೂ ಗೆಲುವನ್ನು ಹಿರಿದಾಗಿಸುವ ಭವ್ಯತೆಗೂ ಇರುವ ಭೇದವನ್ನು ಅರಿಯಲು ಷಿಕಾಗೊ ಮತ್ತು ಡೆಟ್ರಾಯ್ಟ್‌ಗಳ ಕಲಾಸಂಗ್ರಹಗಳು ಒಳ್ಳೆಯ ಅವಕಾಶ ಕೊಡುತ್ತವೆ. ಅಮೆರಿಕದ ಚಿತ್ರಕಾರ ಫ್ರೆಡೆರಿಕ್ ಎಡ್ವಿನ್ ಚರ್ಚ್ ಈಕ್ವೆಡಾರಿನ ಕೋಟೊಪಾಕ್ಸಿ ಜ್ವಾಲಾಮುಖಿಯನ್ನು ಚಿತ್ರಿಸಿದ 1857ರ ತೈಲಚಿತ್ರ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಷಿಕಾಗೊದಲ್ಲಿಯೂ, 1862ರ ತೈಲಚಿತ್ರ ಡೆಟ್ರಾಯ್ಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿಯೂ ಇವೆ. ವಿಜ್ಞಾನಿ ಹುಂಬೋಲ್ಟನ ಬರಹಗಳಿಂದ ಪ್ರೇರಿತನಾಗಿ ಪ್ರವಾಸ ಹೋದ ಚರ್ಚ್ ಕೂಡ ಪರನಾಡನ್ನು ರಮ್ಯಗೊಳಿಸಿದವನೇ. ಆದರೂ ಅವನ ಬೆಟ್ಟ ಭೂಮಿಯ ಒಡಲ ಶಕ್ತಿಯನ್ನು ಸಾರುತ್ತದೆ, ಯಾರ ಗೆಲುವಿಗೂ ಅಳತೆಗೋಲಾಗುವುದಿಲ್ಲ.

ಇಷ್ಟರಿಂದ ಹೋಮನ ಸಾಧನೆಯನ್ನು ತಳ್ಳಿಹಾಕಲಾಗದು. ಛಾಯಾಗ್ರಹಣ ಹುಟ್ಟುವ ಮೊದಲು ಕೋಟೆಗಳ ನೆಲೆಯನ್ನೂ ಬಂಡೆಗಳ ಆಕಾರವನ್ನೂ ಸ್ಥಳದಲ್ಲಿದ್ದು ಕಂಡು ಬರೆದವನ ಸಾಕ್ಷ್ಯ ಇತಿಹಾಸಕಾರನಿಗೆ ಅಮೂಲ್ಯವಾದುದು. ಅದರ ಮಿತಿಯೆಂದರೆ, ಕೆಂಪೇಗೌಡರ ವಂಶದ ಆಳ್ವಿಕೆ ಕಂಡ, ವೀರಭದ್ರನೂ ನರಸಿಂಹನೂ ಪೂಜೆಗೊಳ್ಳುವ ಆ ಬೆಟ್ಟ ಇಲ್ಲಿ ಮುಖ್ಯವಾಗಿ ಮುತ್ತಿಗೆಯ ಗುರಿಯಾಗಿ ನಿಲ್ಲುತ್ತದೆ. ಷಿಕಾಗೊದ ವಿದ್ಯಾರಣ್ಯ, ಡೆಟ್ರಾಯ್ಟಿನ ಪಂಪ ಕನ್ನಡ ಕೂಟಗಳಂಥ ಬಳಗಗಳಲ್ಲಿ ಬೆಳೆಯುವ ಮಕ್ಕಳಿಗೆ ಇಂಥ ಚಿತ್ರವನ್ನು ತವರಿನ ನೋಟವೆಂದು ತೋರಿಸುವಾಗ, ಮುತ್ತಿಗೆಯ ವರ್ಷವನ್ನೂ ಚಿತ್ರಕಾರನು ಬಂದ ದಾರಿಯನ್ನೂ ಬೆಟ್ಟದ ಜನರ ನೆನಪನ್ನೂ ಜೊತೆಯಲ್ಲೇ ಹೇಳಬೇಕು. ಹಾಗೆ ಓದಿದಾಗ ಚಿತ್ರದ ಚೆಲುವು ಕುಂದುವುದಿಲ್ಲ, ಅದಕ್ಕೆ ತೆತ್ತ ಬೆಲೆಯೂ ತಿಳಿಯುತ್ತದೆ.